ಅಡ್ಡತುಂಡು

ಮೇಜಿನಿಂದ ಮೇಜಿಗೆ ಹತ್ತಿಳಿದು ಅಕ್ಕ ಬಿಳಿ ನೂಲಿನ ಒಂದು ತುದಿಯನ್ನು ಚಾವಣಿಯ ಮೊದಲ ಜಂತೆಗೂ ಇನ್ನೊಂದನ್ನು ಐದನೆಯದಕ್ಕೂ ಗುಂಡುಸೂಜಿಯಿಂದ ಬಿಗಿಯಾಗಿ ಚುಚ್ಚಿ ನಿಲ್ಲಿಸಿದಳು. ನಡುವಿನ ಜಂತೆ ನೂಲನ್ನು ಎರಡು ಬೆರಳಷ್ಟು ಕೆಳಕ್ಕೆ ತಳ್ಳಿತ್ತು. ಅಕ್ಕಪಕ್ಕದವು ತಮಗೇನೂ ಸಂಬಂಧವಿಲ್ಲವೆಂಬಂತೆ ನೆಟ್ಟಗಿದ್ದವು.

"ಕಾಣ್ತಾ ಇದ್ಯಾ?" ಎಂದು ಕೆಳಗೆ ನಿಂತಿದ್ದ ಯಜಮಾನನನ್ನು ಕೇಳಿದಳು.

ಹೊಲಿಗೆ ಕೋಣೆಯ ಹೆಂಗಸರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಬಡಗಿಯ ಮಗಳು. ನಾಲ್ಕು ದಿನದ ಹಿಂದೆ ಬಟ್ಟೆ ಕತ್ತರಿಸುವ ಕಬ್ಬಿಣದ ಯಂತ್ರವನ್ನು ಮೇಲಿನ ಮರದ ಮಹಡಿಗೆ ಏರಿಸಿದಾಗಿನಿಂದ ಅವಳ ಕೈ ಬಟ್ಟೆಯ ಮೇಲಿದ್ದರೂ ಕಿವಿ ಚಾವಣಿಯಲ್ಲೇ ಇತ್ತು.

"ಮರ ಅಂದ್ಮೇಲೆ ಬಗ್ಗುತ್ತೆ," ಯಜಮಾನ ಗಡಿಯಾರ ನೋಡಿದ. "ನಾಲ್ಕು ದಿನ ನಿಂತಿದೆ, ಇನ್ನು ನಾಲ್ಕು ಗಂಟೆ ನಿಲ್ಲಲ್ವಾ? ಸಂಜೆ ಮಾಲು ಒಯ್ಯೋಕೆ ಲಾರಿ ಬರುತ್ತೆ. ಕೂತ್ಕೊಂಡು ಹೊಲಿ."

"ಬಗ್ಗಿದ್ರೆ ಐದೂ ಬಗ್ಬೇಕಿತ್ತು! ಜಂತೆಗಳ ನಡುನಡುವೆ ಮರದ ಅಡ್ಡತುಂಡು ಬಿಗಿಯಾಗಿದ್ರೆ ಒಂದರ ಮೇಲೆ ಬಿದ್ದ ಭಾರಕ್ಕೆ ಪಕ್ಕದವೂ ಹೆಗಲು ಕೊಡ್ತವೆ. ಇಲ್ಲಿ ಒಂದೇ ಸಾಯ್ತಾ ಇದೆ." ಜಂತೆಗಳ ಮಗ್ಗುಲಲ್ಲಿ ಬಿಳಿಚಿಕೊಂಡ ಚೌಕದ ಗುರುತುಗಳಿದ್ದವು, ಮೊಳೆ ಕಿತ್ತ ತೂತುಗಳಿದ್ದವು. "ಯಾರು ಕಿತ್ತಿದ್ದು?"

ಯಜಮಾನ ನಕ್ಕ. "ನಿನ್ನ ತಮ್ಮನನ್ನೇ ಕೇಳು. ಪೈಪಿಗೆ ದಾರಿ ಬೇಕಿತ್ತು, ಕಿತ್ತುಕೊಟ್ಟ."

ಅಕ್ಕನಿಗೆ ಕೆನ್ನೆಗೆ ಹೊಡೆದಂತಾಯಿತು. ಹೆಂಗಸರು ತಲೆ ತಗ್ಗಿಸಿದರು. ಮೂಲೆಯಲ್ಲಿ ಯಾರದೋ ಹೊಲಿಗೆ ಯಂತ್ರ ಟರ್‍ರೆಂದು ಶುರುವಾಯಿತು. ಆ ಸದ್ದು ಕೇಳಿದ್ದೇ ಅವಳ ನೆತ್ತಿಗೆ ರಕ್ತ ಏರಿತು. ಮೇಜಿನಿಂದ ಧುಮುಕಿ, ಬಾಗಿಲ ಬಳಿಯ ಮೇನ್ ಸ್ವಿಚ್ಚನ್ನು ಕೆಳಕ್ಕೆಳೆದಳು.

"ಏಳಿ ಎಲ್ರೂ. ಆಚೆ ನಡೀರಿ."

"ಕೆಲಸ ಹೋದ್ರೆ ಅಕ್ಕಾ?" ಗುಂಡಿ ಹಚ್ಚುವವಳು ಮೆಲ್ಲಗೆ ಕೇಳಿದಳು.

"ಸೊಂಟ ಮುರಿದ್ರೆ ಉಳಿಯುತ್ತಾ?"

ಯಜಮಾನ ಸ್ವಿಚ್ಚಿನತ್ತ ಬಂದ. ಅಕ್ಕ ಅದಕ್ಕೆ ಬೆನ್ನು ಕೊಟ್ಟು ನಿಂತಳು. "ಕೈ ಇಟ್ಟು ನೋಡಿ."

ಅವನು ಬಾಯಿ ತೆರೆಯುವಷ್ಟರಲ್ಲಿ ಮೇಲೆ ಲಟಕ್ಕೆಂದಿತು. ನಡುವಿನ ಜಂತೆಯ ಉದ್ದಕ್ಕೂ ಬಿರುಕು ಹರಿಯಿತು. ಆಮೇಲೆ ಯಾರಿಗೂ ಹೇಳಬೇಕಾಗಲಿಲ್ಲ. ಹೊಸ್ತಿಲು ದಾಟಿದವರಲ್ಲಿ ಯಜಮಾನನೇ ಮೊದಲಿಗ.

ಕರೆ ಹೋಗಿ ಅರ್ಧ ಗಂಟೆಯಲ್ಲಿ ತಮ್ಮ ಬಂದ. ಬಿರುಕಿನ ಕೆಳಗೆ ಮೂರು ಕಂಬ ಕೊಟ್ಟ. ಹಮಾಲಿಗಳು ಮೇಲಿನ ಯಂತ್ರವನ್ನು ಗೋಡೆಯ ಪಕ್ಕಕ್ಕೆ ಉರುಳಿಸಿಕೊಂಡು ಹೋದ ಮೇಲೆಯೇ ಅವನು ಅಕ್ಕನ ಎದುರು ಬಂದು ನಿಂತದ್ದು.

"ಯಜಮಾನ್ರು ಹೇಳಿದ್ರು, ಅದಕ್ಕೆ..."

"ಅವನಿಗೆ ಗೊತ್ತಿರ್ಲಿಲ್ಲ. ನಿನಗೆ ಗೊತ್ತಿತ್ತು."

"ಮೇಲೆ ಯಂತ್ರ ತರ್ತಾರೆ ಅಂತ ನನಗೇನು ಕನಸು ಬಿದ್ದಿತ್ತಾ?"

"ಕೆಳಗೆ ನಾನು ಕೂರ್ತೀನಿ ಅಂತಾದ್ರೂ ಗೊತ್ತಿತ್ತಲ್ಲ!" ಅವಳ ದನಿ ಒಡೆಯಿತು. "ಅಪ್ಪ ನಮ್ಮಿಬ್ಬರನ್ನೂ ಒಂದೇ ಮಣೆ ಮೇಲೆ ಕೂರಿಸಿ ಹೇಳಿಕೊಟ್ಟದ್ದು. ಉಳಿ ಮಾತ್ರ ನಿನಗೆ ಕೊಟ್ಟ. ಯಾಕೆ ಕೊಟ್ಟನೋ!"

ಆಚೆ ಜಗಲಿಯಲ್ಲಿ ಕೂತಿದ್ದ ಹೆಂಗಸರಿಗೆಲ್ಲ ಕೇಳುವಂತೆಯೇ ಅಂದಳು. ಅವನ ಕುತ್ತಿಗೆ ಕೆಂಪಾಯಿತು. ಮರ ಅಳೆಯಲು ಬಗ್ಗಿದ.

ನಾಳೆಯಿಂದ ಬರಬೇಡವೆಂದು ಯಜಮಾನ ಅಕ್ಕನಿಗೆ ಹೇಳಿ ಕಳುಹಿಸಿದ. ಹೇಳಲು ಬಂದವನನ್ನು ಗುಂಡಿ ಹಚ್ಚುವವಳು ತಡೆದಳು. "ಅಕ್ಕ ಬರದಿದ್ರೆ ನಾವ್ಯಾರೂ ಬರಲ್ಲ ಅಂತ ಹೇಳಿಬಿಡು." ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಹೆದರಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಉಳಿದವರು ಎದ್ದು ಬಂದು ಅವಳ ಪಕ್ಕ ನಿಂತರು. ಬಂದವನು ಬಂದ ದಾರಿ ಹಿಡಿದ.

ಒಳಗೆ ಅಕ್ಕ ಅದನ್ನು ಕೇಳಿಸಿಕೊಂಡಳು. ಸಿಟ್ಟು ಮಾತ್ರ ಇಳಿಯಲಿಲ್ಲ. ತಮ್ಮ ಏಣಿ ಏರಿ, ಹೊಸ ತುಂಡನ್ನು ಜಂತೆಗಳ ನಡುವೆ ಬಡಿದು ಕೂರಿಸುತ್ತಿದ್ದ. ಒಂದೊಂದು ಏಟಿಗೂ ಏಣಿ ನುಣುಪು ನೆಲದ ಮೇಲೆ ಕೂದಲೆಳೆಯಷ್ಟು ಜಾರುತ್ತಿತ್ತು. ಅವಳು ಹೋಗಿ, ಅವನ ಮುಖ ನೋಡದೆ, ಏಣಿಯ ಬುಡಕ್ಕೆ ತನ್ನ ಪಾದವನ್ನು ಅಡ್ಡ ಕೊಟ್ಟು ನಿಂತಳು.