ಹುಳ ನೋಡಿದ ಪತ್ರಾವಳಿ

ಬ್ರಾಹ್ಮಿ ತನ್ನ ಅಂಗಡಿಯ ಮುಂದೆ "ಭೂಮಿ ಉಳಿಸೋಣ" ಎಂಬ ಹಸಿರು ಬೋರ್ಡು ತೂಗುಹಾಕಿ ಮೂರು ತಿಂಗಳಾಗಿತ್ತು. ಬೆಳಗಾವಿಯ ಮಂದಿ ಅದನ್ನು ಓದಿ, ತಲೆದೂಗಿ, ಪಕ್ಕದ ಅಂಗಡಿಯಲ್ಲಿ ಥರ್ಮಾಕೋಲ್ ತಟ್ಟೆ ಕೊಂಡು ಹೋಗುತ್ತಿದ್ದರು. ಖಾನಾಪುರದ ಬಾಳವ್ವ ಮುತ್ತಲ ಎಲೆಗೆ ಕಡ್ಡಿ ಚುಚ್ಚಿ ಹೆಣೆದ ಪತ್ರಾವಳಿಗಳು ಕಟ್ಟು ಬಿಚ್ಚದೆ ಕೂತಿದ್ದವು. ದಸರೆಯೊಳಗೆ ಅವು ಹೋಗದಿದ್ದರೆ ಹೆಣೆಯುವುದನ್ನೇ ಬಿಡುವೆನೆಂದು ಬಾಳವ್ವ ಹೇಳಿಕಳಿಸಿದ್ದಳು.

ಉಳಿದದ್ದು ಒಂದೇ ಆಸೆ. ಓಣಿಯ ಹಿರಿಯಾಕೆ ಸುಂದರಾಬಾಯಿಯ ಮೊಮ್ಮಗಳು ಹತ್ತು ದಿನ ಉಪವಾಸವಿದ್ದಳು. ಭಾನುವಾರ ಅದು ಮುಗಿಯುವ ಪಾರಣೆ, ಇನ್ನೂರು ಮಂದಿಗೆ ಊಟ. ಆಕೆ ಹಾಕಿಸಿದ ಎಲೆಯನ್ನೇ ಓಣಿಯೆಲ್ಲ ಹಾಕುತ್ತದೆ.

ಆಕೆಯ ಮನೆಗೆ ಹೋಗಿ ಪ್ಲಾಸ್ಟಿಕ್ಕು ಕೊಳೆಯದ ಕತೆಯನ್ನೆಲ್ಲ ಬ್ರಾಹ್ಮಿ ಒಂದೇ ಉಸಿರಿಗೆ ಹೇಳಿದಳು. ಸುಂದರಾಬಾಯಿ ಪತ್ರಾವಳಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಎರಡು ಎಲೆಗಳ ನಡುವೆ ಚುಕ್ಕೆಯಂಥದ್ದೊಂದು ಹರಿದಾಡಿತು.

"ಇದೇನು, ತಂಗಿ?"

"ಎಲಿ ಹುಳಾರೀ, ಆಯಿ."

"ಹುಳ ಇರ್ತಾವಂತ ಚಾತುರ್ಮಾಸದಾಗ ನಾವು ಸೊಪ್ಪು ತಪ್ಪಲ ಪಲ್ಯಾ ಸೈತ ಮುಟ್ಟಂಗಿಲ್ಲ. ಜೈನರ ಮನಿ ಹುಡುಗಿ ನೀ. ಭೂಮಿ ಉಳಸಾಕ ಹೋಗಿ ಇವನ್ನ ಮರತಿ?"

ಬ್ರಾಹ್ಮಿಯ ಕಿವಿ ಬಿಸಿಯಾದವು. "ನಾಳೆ ಹೊತ್ತು ಮುಳುಗೂದ್ರಾಗ ಶುದ್ಧ ಮಾಡಿ ತರ್ತೀನ್ರಿ."

ಮರುದಿನ ಬೆಳಗಿನ ಖಾನಾಪುರದ ರೈಲು ನಡುವೆ ದೇಸೂರಿನಲ್ಲಿ ನಿಂತಾಗ ಅವಳು ಮೂರು ಸಲ ಎದ್ದು ಕೂತಳು. ಮಡಿಲಲ್ಲಿದ್ದ ಕಟ್ಟಿನೊಳಗೆ ಊರಿಗೆ ಊರೇ ಉಸಿರಾಡುತ್ತಿದೆ ಎನಿಸುತ್ತಿತ್ತು.

"ಒಲಿ ಮ್ಯಾಲ ಹಿಡದ್ರ ಒಂದೂ ಉಳಿಯಂಗಿಲ್ಲ," ಎಂದಳು ಬಾಳವ್ವ.

"ಸಾಯಬಾರದು, ಬಾಳಕ್ಕ."

"ಹಂಗಾರ ಕೈ ಹಿಡದು ಮನೀಗಿ ಬಿಟ್ಟ ಬರೂಣೇನು?"

"ಹೂಂ."

ಬಾಳವ್ವ ನಕ್ಕಳು. ಆಮೇಲೆ ಹಳೆಯ ಸೀರೆಯ ಮೆತ್ತನೆ ಚೂರು ತಂದು ಕೂತಳು. ಕಡ್ಡಿ ಬಿಚ್ಚಬೇಕು, ಎಲೆಯ ಎರಡೂ ಮೈ ಒರೆಸಬೇಕು, ಹುಳವನ್ನು ಹಿತ್ತಿಲ ಪೊದೆಗೆ ಬಿಟ್ಟು ಮತ್ತೆ ಹೆಣೆಯಬೇಕು. ಅಜ್ಜಿಯ ಕತೆಯಲ್ಲಿ ರಾಜನ ಮಗಳು ಸಂಜೆಯೊಳಗೆ ಮರಳಿನಿಂದ ಸಾಸಿವೆ ಆರಿಸಬೇಕಿತ್ತು, ಇರುವೆಗಳು ಬಂದು ನೆರವಾಗಿದ್ದವು. ಇಲ್ಲಿ ನೆರವು ಬೇಕಾದದ್ದು ಹುಳಗಳಿಗೇ. ಬ್ರಾಹ್ಮಿ ಸೂರ್ಯನನ್ನು ನೋಡುವಳು, ಎಲೆಯನ್ನು ನೋಡುವಳು, ಮತ್ತೆ ಸೂರ್ಯನನ್ನು.

ಹೊತ್ತು ಮುಳುಗಲು ಗೇಣು ಉಳಿದಿದ್ದಾಗ ಅವಳು ಸುಂದರಾಬಾಯಿಯ ಮನೆ ಮುಟ್ಟಿದಳು.

"ಎಲ್ಲಾ ನೋಡಿಯೇನು?"

"ಒಂದೊಂದೂ ನೋಡೀನ್ರಿ."

ಸುಂದರಾಬಾಯಿ ಅವಳ ಕೆಂಪಾದ ಕಣ್ಣು ನೋಡಿದರು. ಪತ್ರಾವಳಿಯನ್ನು ಬೆಳಕಿಗೆ ಹಿಡಿಯಲೇ ಇಲ್ಲ. "ಒಳಗ ಇಡು," ಎಂದರು.

ಸೋಮವಾರ ಹಿಂದಿನ ಓಣಿಯ ಐಶ್ವರ್ಯಾ ಅಂಗಡಿಗೆ ಬಂದಳು. ಬೋರ್ಡಿನತ್ತ ಕಣ್ಣೂ ಹಾಯಿಸಲಿಲ್ಲ. "ಸುಂದರಾಬಾಯಾರ ಮನ್ಯಾಗ ಹಾಕಿದ್ರಲ್ಲ, ಅವ ಐನೂರು ಬೇಕು. ಗುರುವಾರ ನಮ್ಮ ಹೊಸಾ ಮನಿ ಪ್ರವೇಶ."

"ಹುಳ ನೋಡಾಕ ಟೈಮ್ ಹಿಡೀತದ್ರಿ."

"ಹುಳಾ ಗಿಳಾ ನಮಗ ನಡೀತದವಾ. ಅವರ ಮನ್ಯಾಗಿನಂಥಾವ ಆದ್ರ ಸಾಕು."

ಐನೂರು ಪತ್ರಾವಳಿ ಬ್ರಾಹ್ಮಿಯ ಬೆನ್ನ ಹಿಂದೆಯೇ ಇದ್ದವು, ಯಾರೂ ಹುಳ ನೋಡದಂಥವು. ಈಗಲೇ ಕೊಟ್ಟರೆ ಕೇಳುವವರಿಲ್ಲ. ಐಶ್ವರ್ಯಾ ಬಯಸಿದ್ದು ಭೂಮಿಯನ್ನೂ ಅಲ್ಲ, ಹುಳವನ್ನೂ ಅಲ್ಲ.

"ಬುಧವಾರ ಸಂಜಿಗೆ ಬರ್ರಿ," ಎಂದಳು.

ಐಶ್ವರ್ಯಾ ಹೋದ ಮೇಲೆ ಬಾಳವ್ವನಿಗೆ ಫೋನು ಹಚ್ಚಿದಳು. "ಐನೂರು, ಬಾಳಕ್ಕ. ಒಂದೊಂದೂ ಬಿಚ್ಚಿ ನೋಡಬೇಕು."

ಬಾಳವ್ವ ಅತ್ತಲಿಂದ ಕೇಳಿದಳು, "ಇವರೂ ಜೈನರೇನಬೇ?"

"ಅಲ್ಲ."

"ಮತ್ತ?"

ಬ್ರಾಹ್ಮಿಯ ಕೈ ಆಗಲೇ ಮೊದಲ ಕಟ್ಟಿನ ದಾರ ಬಿಚ್ಚುತ್ತಿತ್ತು.