ಸಾಹೇಬನ ಉಗುರು

ಬೀದಿಯವರೆಲ್ಲ ಅವನನ್ನು ‘ಬೆಣ್ಣೆಗೈ’ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಸಲೂನು ನಡೆಸಿದ್ದರೂ ಒಬ್ಬರ ಕೆನ್ನೆಯ ಮೇಲೂ ಅವನ ಕೈಯಿಂದ ಗೀರು ಬಿದ್ದದ್ದಿಲ್ಲ. ಗಿರಾಕಿಗಳು ಕತ್ತಿ ತಾಗುವ ಮೊದಲೇ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು.

ಭಾನುವಾರ ಮಧ್ಯಾಹ್ನ ಮಾತ್ರ ಆ ಕುರ್ಚಿ ತಂಗಿಯ ನಾಯಿಗೆ ಮೀಸಲು. ಹನ್ನೊಂದು ವರ್ಷದ ಕಂದು ನಾಯಿ. ಬೆನ್ನು ನೆಟ್ಟಗೆ ಮಾಡಿ ಗತ್ತಿನಿಂದ ಕೂರುತ್ತಿದ್ದುದಕ್ಕೆ ‘ಸಾಹೇಬ’ ಎಂಬ ಹೆಸರು ನಿಂತುಬಿಟ್ಟಿತ್ತು. ಎದುರುಬದುರು ಕನ್ನಡಿಗಳಲ್ಲಿ ಸಾಹೇಬನ ಹಿಂದೆ ಸಾಹೇಬ, ಅವನ ಹಿಂದೆ ಮತ್ತೊಬ್ಬ, ಕೆರೆಯ ತಳದಂಥ ಹಸಿರು ಮಬ್ಬಿನವರೆಗೂ ಸಾಹೇಬರು ಸಾಲುಹಿಡಿದು ಕೂತಿರುತ್ತಿದ್ದರು.

ಆ ಭಾನುವಾರ ಉಗುರು ಕತ್ತರಿಸುವಾಗ ಕತ್ತರಿ ಒಂದು ಚೂರು ಒಳಗಿನ ಹಸಿಮಾಂಸಕ್ಕೆ ತಾಗಿತು. ನಾಯಿ ಕುಂಯ್ ಎನ್ನಲೂ ಇಲ್ಲ. ರಕ್ತ ನಿಲ್ಲಲೆಂದು ಅವನು ಪಟಿಕ ಒತ್ತಿದ. ರಕ್ತ ಜಿನುಗುತ್ತಲೇ ಇತ್ತು. ಬಟ್ಟೆ ಸುತ್ತಿದ, ಬಟ್ಟೆ ನೆನೆಯಿತು. ಹೊರಗೆ ಬಿಸಿಲು ಒಂದು ಅಂಗಡಿಯಿಂದ ಇನ್ನೊಂದಕ್ಕೆ ಮೆಲ್ಲಗೆ ಸರಿಯಿತು. ಒಳಗೆ ಬಿಳಿ ಟವೆಲಿನ ಮೇಲೆ ಹನಿಗಳು ಒಂದೊಂದಾಗಿ ಅರಳಿದವು, ಕನ್ನಡಿಯೊಳಗಿನ ಅಷ್ಟೂ ಟವೆಲುಗಳ ಮೇಲೆ ಒಟ್ಟೊಟ್ಟಿಗೇ. ತಾನು ಎಚ್ಚರವಿದ್ದೇನೋ ಇಲ್ಲವೋ ಎಂದು ಅವನಿಗೆ ಅನುಮಾನ ಬಂತು.

“ಅಣ್ಣಾ, ಅರ್ಧ ಗಂಟೆ ಆಯ್ತು,” ಎಂದಳು ತಂಗಿ. “ಇದು ನಿಲ್ಲೋ ಥರ ಕಾಣ್ತಿಲ್ಲ. ಎತ್ಕೋ, ಆಸ್ಪತ್ರೆಗೆ ಹೋಗೋಣ.”

ಪಶುವೈದ್ಯೆ ಮೊದಲು ಪಂಜಕ್ಕೆ ಬಿಗಿಯಾಗಿ ಪಟ್ಟಿ ಕಟ್ಟಿದರು. “ನೀರು ಜಾಸ್ತಿ ಕುಡೀತಾನಾ?”

“ಬಟ್ಟಲು ತುಂಬಿಸಿದಷ್ಟೂ ಖಾಲಿ ಮಾಡ್ತಾನೆ. ಸೆಕೆಗೆ ಅಂದ್ಕೊಂಡಿದ್ದೆ ಡಾಕ್ಟ್ರೇ,” ಎಂದಳು ತಂಗಿ.

ವೈದ್ಯೆ ಪರೀಕ್ಷೆಗೆ ರಕ್ತ ತೆಗೆದರು. ಆಮೇಲೆ ನಾಯಿಯ ಮೇಲ್ದುಟಿ ಮಡಚಿ, ಒಳಬದಿಗೆ ಕೂದಲೆಳೆಯಷ್ಟು ಸಣ್ಣ ಗಾಯ ಮಾಡಿ, ಒಸರಿದ್ದನ್ನು ಹೀರುಕಾಗದದ ಅಂಚಿಗೆ ಹಿಡಿದರು. “ಮೂರು ನಾಲ್ಕು ನಿಮಿಷದಲ್ಲಿ ರಕ್ತ ನಿಲ್ಲಬೇಕು. ನೀವು ತಲೆ ಹಿಡ್ಕೊಂಡು ಗಡಿಯಾರ ನೋಡಿ.”

ಅವನು ನೋಡಿದ. ಕಾಗದದ ಮೇಲೆ ಕೆಂಪು ಬೊಟ್ಟು, ಪಕ್ಕದಲ್ಲಿ ಇನ್ನೊಂದು ಬೊಟ್ಟು. ನಾಯಿಯ ಬಿಸಿ ಉಸಿರು ಮಣಿಕಟ್ಟಿಗೆ ಬಂದು ಬಂದು ಹೋಗುತ್ತಿತ್ತು. ನಾಲ್ಕು ನಿಮಿಷ ದಾಟಿತು, ಆರು ದಾಟಿತು. ಮುಳ್ಳು ನೀರೊಳಗೆ ನಡೆಯುವವರ ಹಾಗೆ ನಿಧಾನವಾಯಿತು. ಒಂಬತ್ತನೆಯ ನಿಮಿಷದ ಹೊತ್ತಿಗೆ ಬೊಟ್ಟುಗಳು ತಿಳಿ ಗುಲಾಬಿಯಾಗಿ, ಕೊನೆಗೆ ಕಾಗದ ಬೆಳ್ಳಗೇ ಉಳಿಯಿತು.

ಸಂಜೆ ವರದಿ ಬಂತು. “ಕಿಡ್ನಿ ಕೆಟ್ಟಿದೆ,” ಎಂದರು ವೈದ್ಯೆ. “ರಕ್ತ ಹೆಪ್ಪುಗಟ್ಟಿಸೋ ಕಣಗಳ ಲೆಕ್ಕ ಸರಿಯಾಗೇ ಇದೆ. ಆದ್ರೆ ಹೊರಗೆ ಹೋಗಬೇಕಾದ ನಂಜೆಲ್ಲ ರಕ್ತದಲ್ಲೇ ಉಳಿದು, ಆ ಕಣಗಳು ಒಂದಕ್ಕೊಂದು ಅಂಟಿಕೊಳ್ತಾನೇ ಇಲ್ಲ. ಡ್ರಿಪ್ ಹಾಕಿದ್ರೆ ನಂಜು ಇಳಿಯುತ್ತೆ, ಈ ರಕ್ತ ಸೋರೋದು ನಿಲ್ಲುತ್ತೆ. ಕಿಡ್ನಿ ಮಾತ್ರ ಮೊದಲಿನ ಹಾಗಾಗಲ್ಲ. ನಿಮ್ಮ ಕೈತಪ್ಪು ಅಂತ ಕೊರಗಬೇಡಿ.”

ಅವನ ಎದೆ ಹಗುರಾಯಿತು. ಮರುಕ್ಷಣವೇ ಮುಖಕ್ಕೆ ಬಿಸಿ ಏರಿತು. ಹೊರಗಿನ ಬೆಂಚಿನಲ್ಲಿ ತಂಗಿಗೆ ಹೇಳಿಯೇಬಿಟ್ಟ.

“ಕಿಡ್ನಿ ಅಂದ ತಕ್ಷಣ ನನಗೆ ಸಮಾಧಾನ ಆಯ್ತು ಕಣೇ. ಅವನು ಸಾಯೋ ಸುದ್ದಿ, ನಾನು ನನ್ನ ಕೈ ಉಳೀತು ಅಂದ್ಕೊಂಡೆ.”

ಅವಳು ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದಳು. ಬ್ಯಾಗಿನ ಜಿಪ್ಪು ಎಳೆದು ಬಿಟ್ಟು ಮಾಡುತ್ತ ಅಂದಳು: “ಊರೋರ ಕಣ್ಣೆಲ್ಲ ನೋಡ್ತೀನಿ. ಮನೇಲಿ ಇವನು ಸೊರಗಿದ್ದು ಕಾಣಲಿಲ್ಲ. ನಿನ್ನ ಕತ್ತರಿ ತಾಗದಿದ್ರೆ ಇನ್ನೂ ಕಾಣ್ತಿರಲಿಲ್ಲ. ಸುಮ್ನಿರು.”

ಮೂರನೆಯ ದಿನ ಸಾಹೇಬ ಮನೆಗೆ ಬಂದ. ದಿನವೂ ಚರ್ಮದಡಿ ಉಪ್ಪುನೀರು ಏರಿಸಬೇಕಿತ್ತು. ತಂಗಿಗೆ ಚುಚ್ಚುವ ಧೈರ್ಯವಿಲ್ಲವೆಂದು ಸೂಜಿಯ ಕೆಲಸ ಅಣ್ಣನ ಪಾಲಿಗೆ ಬಂತು. ಬೆಳಿಗ್ಗೆ ಸಲೂನಿನ ಬಾಗಿಲು ಅರ್ಧ ತೆರೆದು, ನಾಯಿಯ ಹೆಗಲ ಚರ್ಮ ಎತ್ತಿ ಚುಚ್ಚುತ್ತಿದ್ದ. ಸೂಜಿ ತೆಗೆದ ಮೇಲೆ ಐದು ನಿಮಿಷ ಹೆಬ್ಬೆರಳು ಒತ್ತಿ ಹಿಡಿಯುತ್ತಿದ್ದ. ಹೆಗಲ ಮೇಲೆ ನೀರಿನ ಡುಬ್ಬ ಏಳುತ್ತಿತ್ತು.

“ನೋಡು, ಸಾಹೇಬರು ಒಂಟೆ ಆದ್ರು,” ಎಂದು ತಂಗಿ ನಗುತ್ತಿದ್ದಳು.

ಹೀಗೆ ಏಳು ತಿಂಗಳು ನಡೆಯಿತು. ಕೊನೆಯ ದಿನಗಳಲ್ಲಿ ಸಾಹೇಬ ಕುರ್ಚಿ ಹತ್ತುವುದನ್ನು ಬಿಟ್ಟು, ಕತ್ತರಿಸಿದ ಕೂದಲ ರಾಶಿಯ ಪಕ್ಕ ನೆಲದ ತಂಪಿಗೆ ಮೈಚಾಚುತ್ತಿದ್ದ. ಒಂದು ಬೆಳಿಗ್ಗೆ ಡುಬ್ಬ ಇನ್ನೂ ಇಳಿದಿರಲಿಲ್ಲ, ಹಾಗೇ ನಿದ್ದೆಯಲ್ಲಿ ಹೋಗಿಬಿಟ್ಟ. ಕುರ್ಚಿಯಲ್ಲಿದ್ದ ಗಿರಾಕಿ ಕಣ್ಣುಮುಚ್ಚಿಕೊಂಡೇ, “ಯಾಕಪ್ಪ ಕೈ ನಿಂತಿತು?” ಎಂದು ಕೇಳಿದ.

“ಏನಿಲ್ಲ ಸ್ವಾಮಿ,” ಎಂದು ಅವನು ಕತ್ತಿ ಮಡಚಿ, ತಂಗಿಗೆ ಫೋನು ಮಾಡಲು ಹೊರಗೆ ಹೋದ.