ಅಕ್ಕನ ಮುತ್ತು, ತಂಗಿಯ ಕಡ್ಡಿ

ನಾಯಿಮರಿಯನ್ನು ಮನೆಗೆ ತಂದವಳು ಅಕ್ಕ. ಇದನ್ನು ಅವಳು ಎಷ್ಟು ಸಲ ಹೇಳಿದ್ದಳೆಂದರೆ, ಬಟ್ಟೆ ಹೊಲಿಸಲು ಬಂದವರು ಅಳತೆ ಕೊಡುವ ಮೊದಲೇ "ಗೊತ್ತು ಬಿಡಿ, ನೀವೇ ತಂದಿದ್ದು" ಅನ್ನುತ್ತಿದ್ದರು.

ಬಾಗಿಲು ಮುಚ್ಚಿದ ಅಂಗಡಿಯೊಂದರ ಹಿಂದೆ ಯಾರೋ ತಂತಿಯಲ್ಲಿ ಕಟ್ಟಿ ಮರೆತುಬಿಟ್ಟಿದ್ದ ಮರಿ ಅದು. ದಿಕ್ಕಿಲ್ಲದ ನಾಯಿಗಳನ್ನು ನೋಡಿಕೊಳ್ಳುವವರು ಬಿಡಿಸಿ ತಂದಾಗ ಕತ್ತಿನ ಸುತ್ತ ಕೂದಲಿರಲಿಲ್ಲ, ಮೈಮೇಲೆ ಮಾಂಸವಿರಲಿಲ್ಲ. "ಇದಕ್ಕೆ ಮನುಷ್ಯರ ಕೈ ಕಂಡ್ರೆ ಭಯ. ಆತುರ ಪಡ್ಬೇಡಿ, ತಾನಾಗೇ ಬರ್ಲಿ," ಎಂದು ಅಲ್ಲಿಯ ಹೆಂಗಸು ಹೇಳಿ ಕಳಿಸಿದ್ದಳು. ಅಕ್ಕ ತಲೆಯಾಡಿಸಿದ್ದಳು. ಆದರೆ ಆತುರ ಅವಳ ಹುಟ್ಟುಗುಣ.

ಅಕ್ಕ ತಂಗಿ ಇಬ್ಬರೇ ಇದ್ದ ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಅಕ್ಕನ ಹೊಲಿಗೆ ಯಂತ್ರ, ಒಳಗಿನದರಲ್ಲಿ ಎರಡು ಮಂಚ. ಮರಿ ಹೊಲಿಗೆ ಯಂತ್ರದ ಪಕ್ಕದ ಬೀರುವಿನ ಸಂದಿಯಲ್ಲಿ ಸೇರಿಕೊಂಡಿತು. ಅಕ್ಕ ಅದಕ್ಕೆ ಮುತ್ತು ಎಂದು ಹೆಸರಿಟ್ಟಳು. ಉಳಿದ ಬಟ್ಟೆಯಲ್ಲಿ ನಾಲ್ಕು ಪದರದ ಹಾಸಿಗೆ ಹೊಲಿದಳು. ಅನ್ನವನ್ನು ಬೆಣ್ಣೆಯಂತೆ ನುರಿದು, ಮಾಂಸದ ಚೂರು ಬೆರೆಸಿ, ಸಂದಿಯ ಮುಂದೆ ಕುಕ್ಕರಗಾಲಲ್ಲಿ ಕೂತು "ಬಾರೋ ಮುತ್ತು, ಬಾ ಬಂಗಾರ" ಎಂದು ಕೈಚಾಚಿದಳು. ಕೈ ಹತ್ತಿರ ಬಂದಷ್ಟೂ ಮರಿ ಗೋಡೆಗೆ ಒತ್ತಿಕೊಂಡು ಅಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಹನ್ನೆರಡು ದಿನ ಅಕ್ಕ ಒರೆಸಿದಳು, ಕತ್ತಿನ ಗಾಯಕ್ಕೆ ಮುಲಾಮು ಹಚ್ಚಿದಳು, ಎರಡು ಸಲ ಕಚ್ಚಿಸಿಕೊಂಡಳು.

ತಂಗಿ ಬಸ್ ಕಂಡಕ್ಟರ್. ದಿನವಿಡೀ ನಿಂತು ಸಾಕಾಗಿ ಬಂದು, ನೆಲದ ಮೇಲೆ ಅಂಗಾತ ಬಿದ್ದು ಕಣ್ಣು ಮುಚ್ಚುವುದಷ್ಟೇ ಅವಳ ಕೆಲಸ. ಮರಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹದಿಮೂರನೆಯ ಸಂಜೆ ಅಕ್ಕ ಒಳಗಿನಿಂದ ಬಂದಾಗ, ಮರಿ ತಂಗಿಯ ಪಾದದ ಮೇಲೆ ಗದ್ದವಿಟ್ಟು ಮಲಗಿತ್ತು.

"ಶ್, ಸದ್ದು ಮಾಡ್ಬೇಡ. ಕಡ್ಡಿ ನಿದ್ದೆ ಹೋಗಿದೆ," ಎಂದಳು ತಂಗಿ.

"ಕಡ್ಡಿ ಯಾರು?"

"ಇದೇ. ಕಡ್ಡಿ ಥರಾ ಇದೆಯಲ್ಲ."

ಹೆಸರು ಕೇಳಿ ಮರಿಯ ಒಂದು ಕಿವಿ ನಿಮಿರಿತು. ಮುತ್ತು ಎಂದು ಸಾವಿರ ಸಲ ಕರೆದರೂ ಅಲುಗದ ಕಿವಿ ಅದು.

ಅಕ್ಕನ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಯಿತು. ಅದು ಹೊಸ ಕೆಂಡವೂ ಅಲ್ಲ. ಅಮ್ಮ ಹಾಸಿಗೆ ಹಿಡಿದ ಒಂದು ವರ್ಷ ಮೈ ಒರೆಸಿ, ಬಟ್ಟೆ ಬದಲಾಯಿಸಿ, ತುತ್ತು ಹಾಕಿದವಳು ಅಕ್ಕ. ಆಗ ಬೇರೂರಿನಲ್ಲಿದ್ದ ತಂಗಿಯ ಮುಖ ವಾರಕ್ಕೊಮ್ಮೆ ಬಾಗಿಲಲ್ಲಿ ಕಂಡಾಗ ಮಾತ್ರ ಅಮ್ಮನ ಮುಖ ಅರಳುತ್ತಿತ್ತು. ಈಗ ನಾಯಿಯೂ! "ಅನ್ನ ಹಾಕೋಳು ನಾನು, ಬಾಲ ಅಲ್ಲಾಡಿಸೋದು ಅವಳಿಗೆ," ಎಂದು ಗೊಣಗುತ್ತಾ ಹೊಲಿದ ಆ ದಿನದ ರವಿಕೆಗೆ ಎರಡೂ ಬಲತೋಳೇ ಆದವು.

ಮರುದಿನ ಅವಳು ಸುಳ್ಳು ಹೇಳಿದಳು. "ಮುಲಾಮು ಕೊಟ್ಟ ಡಾಕ್ಟರು ಹೇಳಿದ್ದಾರೆ ಕಣೇ, ಸ್ವಲ್ಪ ದಿನ ಒಬ್ಬರೇ ನೋಡ್ಕೋಬೇಕಂತೆ. ನೀನು ಮುಟ್ಬೇಡ."

"ಸರಿ ಬಿಡು," ಎಂದಳು ತಂಗಿ. ಅವಳು ಅಷ್ಟು ಸುಲಭವಾಗಿ ಒಪ್ಪಿದ್ದೂ ಅಕ್ಕನಿಗೆ ಉರಿಯಿತು. ತನಗೆ ಬೇಕೇಬೇಕಾಗಿದ್ದು ಅವಳಿಗೆ ಇಲ್ಲದಿದ್ದರೂ ನಡೆಯುತ್ತದಲ್ಲ!

ತಂಗಿ ಬರುವ ಹೊತ್ತಿಗೆ ಅಕ್ಕ ಮರಿಯನ್ನು ಹಾಸಿಗೆಸಮೇತ ಒಳಕೋಣೆಗೆ ಎಳೆದು ಬಾಗಿಲು ಹಾಕಿಬಿಡುತ್ತಿದ್ದಳು. ಮಲಗುವ ಹೊತ್ತಿಗೆ ಮತ್ತೆ ಬೀರುವಿನ ಸಂದಿಗೆ ಸೇರಿಸುತ್ತಿದ್ದಳು. ಮೊದಲ ಸಂಜೆ ಮರಿ ಬಾಗಿಲು ಕೆರೆಯಿತು. ಎರಡನೆಯ ಸಂಜೆ ಕುಂಯ್‌ಗುಟ್ಟಿತು. ಮೂರನೆಯ ದಿನ ತಟ್ಟೆಗೆ ಬಾಯಿ ಹಾಕಲಿಲ್ಲ. ನಾಲ್ಕನೆಯ ದಿನ ಅಕ್ಕನ ನೆರಳು ಬಿದ್ದರೂ ನಡುಗಿ, ಬಂದ ಮೊದಲ ದಿನದಂತೆ ಉಚ್ಚೆ ಹೊಯ್ದುಕೊಂಡಿತು.

ತುಂಬಿದ ತಟ್ಟೆ ತಂಗಿಯ ಕಣ್ಣಿಗೆ ಬಿತ್ತು. "ಇದೇನಕ್ಕಾ, ಕಡ್ಡಿ ಅನ್ನ ಮುಟ್ಟೇ ಇಲ್ಲ? ನಾಳೆ ರಜಾ ಹಾಕ್ತೀನಿ. ಒಬ್ಬರೇ ನೋಡ್ಕೋಬೇಕು ಅಂತ ಯಾಕೆ ಹೇಳಿದ್ರು ಅಂತ ಆ ಡಾಕ್ಟರನ್ನೇ ಕೇಳ್ತೀನಿ."

ಅಕ್ಕ ಕತ್ತರಿ ಕೆಳಗಿಟ್ಟಳು. "ಅವರು ಹಾಗೆ ಹೇಳಿಲ್ಲ."

"ಮತ್ತೆ?"

"ನಾನೇ ಹೇಳಿದ್ದು. ಅದು ನಿನ್ನ ಹತ್ರ ಬಂದಿದ್ದು ನೋಡೋಕಾಗ್ಲಿಲ್ಲ."

ತಂಗಿಯ ದನಿ ಏರಿತು. "ನನ್ನ ಮೇಲಿನ ಸಿಟ್ಟನ್ನ ಆ ಬಡಪಾಯಿ ಮೇಲೆ ತೀರಿಸ್ಕೊಂಡ್ಯಾ? ಮೊದಲೇ ಕಟ್ಟಿಹಾಕಿಸ್ಕೊಂಡು ಬಂದಿರೋದು ಅದು!"

ಅಕ್ಕನಿಗೆ ಅಳು ಬಂತು.

"ನಾನೇನೂ ಮಾಡಲ್ಲ, ಅದಕ್ಕೇ ಬರುತ್ತೆ," ಎಂದಳು ತಂಗಿ, ಈಗ ಮೆಲ್ಲಗೆ. "ನೀನು ಬೆಳಗಿಂದ ಸಂಜೆವರೆಗೂ ಅದನ್ನೇ ನೋಡ್ತಾ, ಕೈ ಚಾಚ್ಕೊಂಡು ಕೂತಿರ್ತೀಯ. ನನಗಾದ್ರೂ ಓಡಿಹೋಗೋಣ ಅನ್ಸುತ್ತೆ."

ಅಕ್ಕ ಒಳಕೋಣೆಯ ಬಾಗಿಲು ತೆರೆದಳು. ಅಂದಿನಿಂದ ಅಕ್ಕ ತಟ್ಟೆ ಇಟ್ಟು, ಬೆನ್ನು ತಿರುಗಿಸಿ ಹೊಲಿಯತೊಡಗಿದಳು. ತಿರುಗಿ ನೋಡದಿರುವುದು ಮುಲಾಮು ಹಚ್ಚುವುದಕ್ಕಿಂತ ಕಷ್ಟದ ಕೆಲಸ. ಕತ್ತು ತಾನಾಗಿಯೇ ಹೊರಳುತ್ತಿತ್ತು. ಸಂಜೆ ಮರಿ ತಂಗಿಯ ಹೊಟ್ಟೆಯ ಮೇಲೆ ಹತ್ತಿ ಕುಣಿಯುವಾಗ ಅವಳು ಹಲ್ಲು ಕಚ್ಚಿ ಗುಂಡಿಯ ಕಾಜಾ ಹೊಲಿಯುತ್ತಿದ್ದಳು.

ತಿಂಗಳ ಮೇಲೆ ಚುಚ್ಚುಮದ್ದಿನ ದಿನ ಬಂತು. ತಂಗಿಗೆ ರಜಾ ಸಿಗಲಿಲ್ಲ. ಅಕ್ಕ ಮರಿಯನ್ನು ಬುಟ್ಟಿಯಲ್ಲಿ ಹೊತ್ತು ಒಬ್ಬಳೇ ಹೋದಳು. ಆಸ್ಪತ್ರೆಯ ಬೆಂಚಿನ ಸುತ್ತ ದೊಡ್ಡ ದೊಡ್ಡ ನಾಯಿಗಳು, ಗುರುತಿಲ್ಲದ ಜನ, ಮೂಗಿಗೆ ಹೊಡೆಯುವ ಔಷಧದ ವಾಸನೆ. ಡಾಕ್ಟರು ಕೈ ಮುಂದೆ ತಂದರು. ಮರಿ ಬುಟ್ಟಿಯಿಂದ ಚಂಗನೆ ಹಾರಿತು. ಬಾಗಿಲ ಕಡೆಗೆ ಓಡುತ್ತದೆಂದು ಅಕ್ಕ ಹೆದರಿದಳು. ಅದು ನೇರ ಅವಳ ಮಡಿಲಿಗೆ ಬಿದ್ದು, ಕಂಕುಳಲ್ಲಿ ಮೂತಿ ಹುದುಗಿಸಿ ಗಡಗಡ ನಡುಗಿತು.

"ನಿಮಗೆ ಚೆನ್ನಾಗಿ ಹೊಂದ್ಕೊಂಡಿದೆ," ಎಂದರು ಡಾಕ್ಟರು.

"ನಾನೇ ತಂದಿದ್ದು," ಎನ್ನಲು ಅಕ್ಕ ಬಾಯಿ ತೆರೆದಳು, ಆದರೆ ಹೇಳದೆ ಮರಿಯನ್ನು ಅವಚಿಕೊಂಡಳು. ಸೂಜಿ ಒಳಹೋಗುವಾಗ ಅವಳ ಕೈ ಮರಿಯ ಬೆನ್ನ ಮೇಲಿತ್ತು. ಮರಿ ಆ ಕೈಯನ್ನು ಕಚ್ಚಲಿಲ್ಲ.

ಸಂಜೆ ತಂಗಿ ಬಂದು ಶೂ ಬಿಚ್ಚುವಷ್ಟರಲ್ಲಿ ಅಕ್ಕ ಎಲ್ಲವನ್ನೂ ಹೇಳಿ ಮುಗಿಸಬೇಕೆಂದಿದ್ದಳು. ಅರ್ಧ ಮಾತಿಗೇ ಮರಿ ಅವಳ ಮಡಿಲಿನಿಂದ ಜಿಗಿದು, ಕುಂಟುತ್ತಲೇ ತಂಗಿಯ ಕಡೆಗೆ ಓಡಿತು. ಅಕ್ಕನಿಗೆ ಚುರುಕ್ಕೆಂದಿತು.

"ನೋಡು, ದ್ರೋಹಿ!" ಎಂದಳು. ಆದರೂ ಈ ಸಲ ಬಾಗಿಲು ಹಾಕಲು ಏಳಲಿಲ್ಲ. "ಚುಚ್ಚಿರೋದು ಎಡಗಾಲಿಗೆ, ಹುಷಾರಾಗಿ ಎತ್ಕೋ," ಎಂದಳು.